ವಜಾ ಮಾಡದ ತೂತು

ಟೇಪಿನ ಒಂದು ತುದಿ ಬುಡೇನ್ ಮೇಸ್ತ್ರಿಯ ಹೆಬ್ಬೆರಳಿನಡಿ,
ಇನ್ನೊಂದು ನನ್ನ ಕೈಯಲ್ಲಿ.
ಶಿವಮೊಗ್ಗ, ಸಾಗರ ರಸ್ತೆ, ಕೆಂಪು ಬಂಗಲೆ.
ಕೆಡವುವ ಮೊದಲು ಇಂಚಿಂಚು ಬರೆದಿಡಿ ಎಂದಿದ್ದಾರೆ ಸಾಹೇಬರು,
ಇಟ್ಟಿಗೆಗೆ ಇಷ್ಟು, ಗಾರೆ ನೆಲಕ್ಕೆ ಇಷ್ಟು, ತೇಗಕ್ಕೆ ಬೇರೆ ದರ.
ಯುಗಾದಿ ಕಳೆದು ವಾರ. ಹತ್ತಕ್ಕೇ ಬಿಸಿಲು ನೆತ್ತಿ ಸುಡುತ್ತಿದೆ.

ಗೋಡೆಯ ದಪ್ಪ ಒಂದೂವರೆ ಇಟ್ಟಿಗೆ.
ಒಂದು ಸಾಲು ಉದ್ದಕ್ಕೆ ಮಲಗಿದ್ದು,
ಅದರ ಮೇಲಿನದು ಅಡ್ಡ, ತಲೆಯಷ್ಟೇ ಹೊರಗೆ,
ಮತ್ತೆ ಮಲಗಿದ್ದು, ಮತ್ತೆ ತಲೆ.
"ಇದಕ್ಕೆ ಇಂಗ್ಲಿಷ್ ಕಟ್ಟು ಅಂತಾರಮ್ಮ," ಎಂದ ಮೇಸ್ತ್ರಿ,
"ನಮ್ಮಜ್ಜ ಅಂತಿದ್ದ: ಗಂಡ ಮಲಗಿದ, ಹೆಂಡತಿ ಇಣುಕಿದಳು."
ಪುಸ್ತಕದಲ್ಲಿ ನಾನು ಮೊದಲನೆಯದನ್ನೇ ಬರೆದೆ.

ಸಂದಿನಿಂದ ಗಾರೆಯ ಚೂರು ಕೆರೆದು
ನಾಲಿಗೆಗಿಟ್ಟು ನೋಡಿದ ಆತ.
ಸುಣ್ಣ, ಅಳಲೆಕಾಯಿ, ಸ್ವಲ್ಪ ಬೆಲ್ಲ.
"ಬೆಲ್ಲದಲ್ಲಿ ಕದ್ದಿದ್ದಾರೆ," ಎಂದು ಉಗಿದ.
ನೂರು ವರ್ಷದ ಕಳ್ಳತನ, ಇನ್ನೂ ನಿಂತಿದೆ.

ಕಿಟಕಿಯ ಮೇಲೆ ಬಾಗದ ಕಮಾನು:
ಬೆಣೆಯಾಗಿ ಉಜ್ಜಿದ ಹದಿಮೂರು ಇಟ್ಟಿಗೆ
ಬಸ್ಸಿನ ಹಿಂದಿನ ಸೀಟಿನವರ ಹಾಗೆ
ಒಬ್ಬರ ಹೆಗಲಿಗೊಬ್ಬರು ಒತ್ತಿಕೊಂಡು.
ಸೂರಿನಡಿ ಇಟ್ಟಿಗೆಯ ಹಲ್ಲುಸಾಲು, ನಲವತ್ತೆಂಟು.
ಮೂರು ಉದುರಿವೆ. ಅಲ್ಲೊಂದು ಪಾರಿವಾಳ
ತನ್ನನ್ನೂ ಎಣಿಸುತ್ತೇನೋ ಎಂದು ನೋಡುತ್ತದೆ.

ಪೂರ್ವಕ್ಕೆ ಮೂರು ಕಿಟಕಿ. ಪಶ್ಚಿಮಕ್ಕೆ ಎರಡು,
ಜೊತೆಗೊಂದು ಸುಳ್ಳು ಕಿಟಕಿ:
ಚೌಕಟ್ಟುಂಟು, ಕಮಾನುಂಟು, ಒಳಗೆ ಬರೀ ಇಟ್ಟಿಗೆ.
"ಸಮ ಕಾಣಲಿ ಅಂತ," ಎಂದ ಮೇಸ್ತ್ರಿ.
ಇಂಥ ಹುದ್ದೆ ನಮ್ಮ ಕಚೇರಿಯಲ್ಲೂ ಒಂದಿದೆ ಎಂದೆ. ನಕ್ಕೆವು.

ಬೆಂಕಿಗೂಡು ನಾಲ್ಕಡಿ ಅಗಲ.
ಸೂರಿನಿಂದ ಆರಡಿ ಮೇಲೆ ಹೊಗೆಗೊಳವೆ,
ಹಗ್ಗ ಹೊಸೆದಂತೆ ಇಟ್ಟಿಗೆ ಹೊಸೆದು ಏರಿಸಿದ ಕುತ್ತಿಗೆ.
ಶಿವಮೊಗ್ಗದ ಸೆಖೆಗೆ!
ಕೈ ಹಾಕಿ ನೋಡಿದೆ. ಮಸಿ ಹತ್ತಲಿಲ್ಲ.
ದೊರೆಗೆ ಬೆಂಕಿ ಬೇಕಿರಲಿಲ್ಲವೇನೋ,
ಅದರ ಮುಂದೆ ಕುರ್ಚಿ ಹಾಕುವ ಜಾಗ ಬೇಕಿತ್ತು.

ಊಟದ ಕೋಣೆಯಲ್ಲಿ, ನೆಲದಿಂದ ಒಂಬತ್ತಡಿಗೆ,
ಮುಷ್ಟಿ ಹಿಡಿಯುವಷ್ಟು ತೂತು.
ನಕ್ಷೆಯಲ್ಲಿ ಇಲ್ಲ.
ಏಣಿ ಹತ್ತಿ ಬೆರಳಾಡಿಸಿದೆ: ಕೆಳತುಟಿಯಲ್ಲಿ
ಬಾವಿಕಟ್ಟೆಯ ಕಲ್ಲಿಗೆ ಹಗ್ಗ ಮಾಡುವಂಥ ನುಣುಪು ತೋಡು.
ಪಂಕದ ಹಗ್ಗ.
ಗಾಳಿ ಒಳಗೆ, ಎಳೆಯುವವನು ಹೊರಗೆ.

ವೆರಾಂಡಾಕ್ಕೆ ಬಂದು ಅದೇ ನೇರಕ್ಕೆ ಗೋಡೆಗೊರಗಿ ಕೂತೆ.
ಅಲ್ಲಿ ಐದು ಸಾಲು ಇಟ್ಟಿಗೆ ಮಾತ್ರ
ಎಣ್ಣೆ ಕುಡಿದ ಹಾಗೆ ಕಪ್ಪಗೆ ಹೊಳೆಯುತ್ತವೆ,
ಅಂಚುಗಳು ಸೋಪಿನಂತೆ ಸವೆದು.
ಕಾಲ್ಬೆರಳಿಗೆ ಹಗ್ಗ ಬಿಗಿದುಕೊಂಡು
ನಿದ್ದೆಯಲ್ಲೂ ಎಳೆಯುತ್ತಿದ್ದರಂತೆ.
ಆ ಹೊಳಪು ನನ್ನ ಹೆಗಲಿನವರೆಗೂ ಬರುವುದಿಲ್ಲ,
ಎರಡು ಸಾಲು ಕೆಳಗೇ ನಿಲ್ಲುತ್ತದೆ.
ಕುಳ್ಳನೋ, ಬೆನ್ನು ಬಾಗಿದವನೋ,
ಇಲ್ಲ, ಹುಡುಗನೋ.

ಬಾಗಿಲಿನ ಜಾಗ ಕಳೆದೆ, ಕಿಟಕಿಗಳ ಜಾಗ ಕಳೆದೆ.
ಸುಳ್ಳು ಕಿಟಕಿ ಕಳೆಯುವಂತಿಲ್ಲ, ಅದು ಗೋಡೆಯೇ.
ಚದರಡಿಗಿಂತ ಕಿರಿದಾದ ತೂತನ್ನು
ವಜಾ ಮಾಡಬೇಕಿಲ್ಲ, ನಿಯಮ.
ಗೋಡೆ ಇಡಿಯಾಗಿದೆ ಎಂದೇ ಲೆಕ್ಕ.
ಆದರೂ ಷರಾ ಕಾಲಂನಲ್ಲಿ ಪೆನ್ಸಿಲಿನಿಂದ ಬರೆದೆ:
ತೂತು, ಒಂದು. ವ್ಯಾಸ ಮೂರಿಂಚು. ಕೆಳಗೆ ಬೆನ್ನು.
ಕೊನೆಯ ಪದವನ್ನು ಸಾಹೇಬರು ಹೊಡೆದುಹಾಕುತ್ತಾರೆ, ಗೊತ್ತು.

ಮೇಸ್ತ್ರಿ ಟೇಪು ಸುತ್ತಿ, ಬುತ್ತಿ ಬಿಚ್ಚಿದ.
"ಒಳಗೆ ಕೂರೋಣ ಬನ್ನಿ ಅಮ್ಮ,
ಆ ತೂತಿನ ಕೆಳಗೆ.
ಗಾಳಿ ಬರ್ತದೆ."